ಬೀಸಣಿಗೆಗೆ ಬಲಗಡೆ ಕಲಿಸಿದ ವರ್ಷ

ಕಬ್ಬಿನ ಸಿಪ್ಪೆ ಚೆನ್ನಾಗಿ ಉರಿದರೆ ಅಷ್ಟಾಗಿ ವಾಸನೆ ಬರುವುದಿಲ್ಲ. ಅರೆಬರೆ ಉರಿದಾಗ ಮಾತ್ರ ಹುಳಿ ಬೆರೆತ ಹೊಗೆ ಎದ್ದು ಮೂಗಿಗೂ ಕಣ್ಣಿಗೂ ಒಟ್ಟಿಗೆ ಹತ್ತುತ್ತದೆ. ಮೊನ್ನೆ ಮಂಡ್ಯದಿಂದ ಮದ್ದೂರಿಗೆ ಬಸ್ಸಿನಲ್ಲಿ ಬರುತ್ತಿದ್ದಾಗ, ಹನಕೆರೆ ದಾಟುತ್ತಿದ್ದಂತೆ ಆ ಹೊಗೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದವರು ಟವೆಲಿನಿಂದ ಮೂಗು ಮುಚ್ಚಿಕೊಂಡು ಯಾವುದೋ ಆಲೆಮನೆಯವನಿಗೆ ಹಿಡಿ ಶಾಪ ಹಾಕಿದರು. ನಾನು ಮಾತ್ರ ಮೂಗರಳಿಸಿ ಅದನ್ನು ಎಳೆದುಕೊಂಡೆ. ಯಾವನೋ ಮುಠ್ಠಾಳ ಒಲೆಗೆ ಸರಿಯಾಗಿ ಗಾಳಿ ಬಿಟ್ಟಿಲ್ಲ ಎಂದು ತಿಳಿಯಿತು. ಇಷ್ಟು ವರ್ಷ ಕಳೆದರೂ ನಮ್ಮ ಸೀಮೆಯಲ್ಲಿ ಮುಠ್ಠಾಳರಿಗೆ ಕೊರತೆಯಾಗಿಲ್ಲವಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು.

ಆ ವಾಸನೆಯ ಜೊತೆಗೇ ಚಿಕ್ಕಮರೀಗೌಡರ ಫ್ಯಾಕ್ಟರಿ ನೆನಪಾಯಿತು.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗದು, ತಾಮ್ರದ ತಂತಿಯಂತೂ ಕಣ್ಣಿಗೆ ಬೀಳದು, ಸಕ್ಕರೆ ರೇಷನ್ನಿನಲ್ಲಿ. ಸಕ್ಕರೆ ಸಿಗದ ಮೇಲೆ ಬೆಲ್ಲಕ್ಕೆ ಎಲ್ಲಿಲ್ಲದ ಮರ್ಯಾದೆ ಬಂತು. ನಾಲೆಯ ನೀರು ಬಂದು ಗದ್ದೆಯ ತುಂಬ ಕಬ್ಬು ಎದ್ದಿದ್ದ ಗೌಡರು ಹನಕೆರೆಗೂ ಮದ್ದೂರಿಗೂ ನಡುವೆ, ರೈಲುಹಳಿಯ ಪಕ್ಕದಲ್ಲಿ, ಉದ್ದನೆಯ ಹೆಂಚಿನ ಶೆಡ್ಡು ಹಾಕಿಸಿ ಸಾಲಾಗಿ ಕೊಪ್ಪರಿಗೆ ಕೂರಿಸಿದರು. ಅದು ಆಲೆಮನೆ. ಆದರೆ ಯಾರಾದರೂ ಆಲೆಮನೆ ಎಂದುಬಿಟ್ಟರೆ ಗೌಡರ ಮುಖ ಊದಿಕೊಳ್ಳುತ್ತಿತ್ತು. ಫ್ಯಾಕ್ಟರಿ ಎನ್ನಬೇಕು. ರೈಲಿನಲ್ಲಿ ಹೋಗುವವರಿಗೆ ಓದಲು ಬರುವಂತೆ ಹಾಗೆಂದು ಗೋಡೆಯ ಮೇಲೆ ಬರೆಸಿಯೂ ಇದ್ದರು. ಬರೆದವನಿಗೆ ಕಾಗುಣಿತ ಬರುತ್ತಿರಲಿಲ್ಲ, ಬರೆಸಿದವರಿಗೂ ಬರುತ್ತಿರಲಿಲ್ಲವಾದ್ದರಿಂದ ತಪ್ಪು ಹಾಗೆಯೇ ಉಳಿದಿತ್ತು.

ಫ್ಯಾಕ್ಟರಿ ಎನ್ನುವುದಕ್ಕೆ ಅಲ್ಲಿದ್ದ ಆಧಾರ ಒಂದೇ, ಕರೆಂಟಿನ ಬೀಸಣಿಗೆ. ಮನೆಯ ಸೂರಿಗೆ ನೇತು ಹಾಕುವ ಫ್ಯಾನಲ್ಲ. ಆಳೆತ್ತರದ ತಗಡಿನ ಗೂಡು, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡದ್ದು. ಒಳಗೆ ರೆಕ್ಕೆಗಳಿರುವ ಚಕ್ರ, ಅದನ್ನು ತಿರುಗಿಸಲು ಪಕ್ಕದಲ್ಲೊಂದು ಮೋಟರು. ಎರಡಕ್ಕೂ ಬೇರೆ ಕೋಣೆ, ಕೋಣೆಯ ಗೋಡೆಯಾಚೆ ಒಲೆ. ಬೀಸಣಿಗೆ ಎಸೆದ ಗಾಳಿ ನೆಲದೊಳಗಿನ ಕಾಲುವೆಯಲ್ಲಿ ಹರಿದು ಒಲೆಯ ಸರಳುಗಳ ಕೆಳಗೆ ಏಳುತ್ತಿತ್ತು. ಉಳಿದ ಆಲೆಮನೆಗಳಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ ಆಮೇಲೆ ಒಲೆಗೆ ಹಾಕಬೇಕು. ಇಲ್ಲಿ ಗಾಣದಿಂದ ಬಿದ್ದ ಹಸಿ ಸಿಪ್ಪೆಯನ್ನೇ ಹಾಕಿದರೂ ಉರಿಯಬೇಕು, ಮಳೆ ಬಂದರೂ ಕೆಲಸ ನಿಲ್ಲಬಾರದು. ಗೌಡರ ಲೆಕ್ಕಾಚಾರವೆಲ್ಲ ಆ ಗಾಳಿಯ ಮೇಲೆ ನಿಂತಿತ್ತು.

ಬೀಸಣಿಗೆಯನ್ನು ನೋಡಿಕೊಳ್ಳಲು ಆ ಹಂಗಾಮಿಗೆ ನನ್ನನ್ನು ಗೊತ್ತು ಮಾಡಿದರು. ನಾನು ಬೆಸಗರಹಳ್ಳಿಯ ದೇವಸ್ಥಾನದ ಅರ್ಚಕರ ಮಗ. ಗಂಟೆ ಅಲ್ಲಾಡಿಸುವುದು ಬೇಡವೆಂದು ಬೆಂಗಳೂರಿಗೆ ಓಡಿಹೋಗಿ, ಮೋಟರಿಗೆ ತಂತಿ ಸುತ್ತುವುದನ್ನು ಕಲಿತು ಬಂದಿದ್ದೆ. ಜನ ನನ್ನನ್ನು ಮೋಟ್ರಯ್ನೋರು ಎಂದು ಕರೆಯುತ್ತಿದ್ದರು. ಮೋಟರು ಮುಟ್ಟುವವನು ಎಂಬ ಅಸಡ್ಡೆ, ಅಯ್ನೋರು ಎಂಬ ಗೌರವ, ಎರಡನ್ನೂ ಒಂದೇ ಹೆಸರಿನಲ್ಲಿ ಮುಗಿಸುವ ಜಾಣತನ ನಮ್ಮವರಿಗೆ ಇತ್ತು.

ಮೋಟರಿಗೆ ಬರುವ ರೋಗಗಳು ಬಹಳವಿಲ್ಲ. ಆದರೆ ಮೋಟರಿನ ಸುತ್ತ ಇರುವ ಮನುಷ್ಯರಿಂದ ಬರುವ ರೋಗಗಳಿಗೆ ಕೊನೆಯಿಲ್ಲ. ಕೂರಿಸಿದ ಹೊಸದರಲ್ಲೇ ಇದು ನನಗೆ ಮನದಟ್ಟಾಯಿತು. ಗೌಡರಿಗೆ ಶಿವನಂಜ ಎಂಬ ಬಾಮೈದನಿದ್ದ. ಮೈಸೂರಿನಲ್ಲಿ ಇಂಟರ್ಮೀಡಿಯೆಟ್ಟಿಗೆ ಸೇರಿ, ನಪಾಸಾಗಿ, ಅಕ್ಕನ ಮನೆ ಸೇರಿದ್ದವನು. ಅವನು ಒಂದು ದಿನ ಬೇರಿಂಗಿಗೆ ತಣ್ಣಗಿರಲಿ ಎಂದು ಹರಳೆಣ್ಣೆ ಹುಯ್ದ. ಸ್ವಲ್ಪ ಅಲ್ಲ, ತಲೆಗೆ ಹುಯ್ದ ಹಾಗೆ ಹುಯ್ದ. ಎಣ್ಣೆ ಒಳಗಿನ ಸುರುಳಿಗೆ ಇಳಿದು, ಅದಕ್ಕೆ ಸಿಪ್ಪೆಯ ಧೂಳು ಮೆತ್ತಿ, ಮೋಟರು ಕಾದು ಕೆಂಡವಾಯಿತು. ಪೂರ್ತಿ ಬಿಚ್ಚಿ, ಒರೆಸಿ, ಒಣಗಿಸಿ, ಅರಗು ಬಳಿದು ಕೂರಿಸಿದೆ. ಎಣ್ಣೆ ಹೆಚ್ಚಾದರೂ ಬೇರಿಂಗು ಕೆಡುತ್ತದೆ ಎಂದು ಹೇಳಿದರೆ ಅವನು ನನ್ನನ್ನು ಜಿಪುಣನೆಂದು ತಿಳಿದ. ಇನ್ನೊಂದು ಸಲ ಬರುವ ಮೂರು ತಂತಿಗಳಲ್ಲಿ ಒಂದರ ಫ್ಯೂಸು ಹೋಗಿ, ಮೋಟರು ತಿರುಗದೆ ಗುಂಯ್ ಎಂದು ಗೋಳಿಡುತ್ತ ನಿಂತಿತು. ಆಗ ತಕ್ಷಣ ಕರೆಂಟು ತೆಗೆಯಬೇಕು, ಇಲ್ಲವಾದರೆ ಸುರುಳಿ ಸುಟ್ಟುಹೋಗುತ್ತದೆ. ನಾನು ಊಟ ಮುಗಿಸಿ ಓಡಿ ಬರುವಷ್ಟರಲ್ಲಿ ಶಿವನಂಜ ಅದರ ಮುಂದೆ ಕರ್ಪೂರ ಹಚ್ಚಿ, ಕೈಮುಗಿದು, ತಿರುಗಮ್ಮ ಎಂದು ಬೇಡಿಕೊಳ್ಳುತ್ತಿದ್ದ. ಮೋಟರನ್ನು ಅವನು ಯಾಕೆ ಹೆಣ್ಣು ಮಾಡಿಕೊಂಡಿದ್ದನೋ ನಾನು ಕೇಳಲಿಲ್ಲ.

ಅಂತೂ ಮಹಾನವಮಿಗೆ ಮುಂಚೆ ಎಲ್ಲ ಸರಿಹೋಯಿತು. ಬೀಸಣಿಗೆ ಮೊದಲ ಸಲ ಹಿಂದುಮುಂದಾಗಿ ತಿರುಗಿದಾಗ ನಾನು ಮೂರರಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡಿ ಸರಿಪಡಿಸಿದ್ದೆ. ಅಷ್ಟು ಮಾಡಿದರೆ ಮೋಟರು ತಿರುಗುವ ದಿಕ್ಕು ಬದಲಾಗುತ್ತದೆ. ಶಿವನಂಜ ಪಕ್ಕದಲ್ಲೇ ನಿಂತು ನೋಡಿದ್ದ. ಕೊನೆಗೆ ಪರೀಕ್ಷೆಗೆಂದು ಬಿಟ್ಟಾಗ ಒಲೆಯೊಳಗಿನ ಹಳೆಯ ಬೂದಿಯೆಲ್ಲ ಎದ್ದು, ಬಾಯಿ ತೆರೆದು ನಿಂತಿದ್ದ ಗೌಡರ ಮುಖಕ್ಕೆ ಬಡಿಯಿತು. ಗಾಳಿ ಚೆನ್ನಾಗಿದೆ ಎಂದು ಅವರೇ ಕೆಮ್ಮುತ್ತ ಒಪ್ಪಿಕೊಂಡರು.

ಅಷ್ಟರಲ್ಲಿ ಮಳವಳ್ಳಿಯ ಒಂದು ಅಕ್ಕಿ ಗಿರಣಿಯಿಂದ ಆಳು ಬಂದ. ಮಳೆಯಲ್ಲಿ ನೆಂದ ಮೋಟರನ್ನು ಒಣಗಿಸದೆ ನಡೆಸಿ ಸುಟ್ಟುಕೊಂಡಿದ್ದರು. ಗೌಡರು ಅವರ ನೆಂಟರಾದ್ದರಿಂದ ನನ್ನನ್ನು ಕಳಿಸಿಕೊಟ್ಟರು. ಒಂದು ಮಾತು ಹೇಳಿಯೇ ಹೊರಟೆ. ನಾನು ಬರುವವರೆಗೆ ಮೋಟರನ್ನು ಯಾರೂ ಮುಟ್ಟಬಾರದು, ಪೂಜೆ ಮಾಡುವುದಾದರೆ ದೂರದಿಂದ ಮಾಡಿ ಎಂದೆ. ಗೌಡರು ತಲೆಯಾಡಿಸಿದರು. ಗೌಡರು ತಲೆಯಾಡಿಸಿದರೆ ಕೇಳಿಸಿಕೊಂಡಿಲ್ಲ ಎಂದು ಅರ್ಥ.

ಇನ್ನು ಬೋರಪ್ಪನ ವಿಷಯ ಹೇಳಬೇಕು. ಅವನು ಹನಕೆರೆಯವನು, ಒಲೆ ನೋಡಿಕೊಳ್ಳುವವನು. ಆ ಸುತ್ತಿನಲ್ಲಿ ಅವನಷ್ಟು ಜಂಬದ ಮನುಷ್ಯನನ್ನು ನಾನು ನೋಡಿಲ್ಲ. ಬೆಂಕಿ ತನ್ನ ಮಾತು ಕೇಳುತ್ತದೆ ಎನ್ನುತ್ತಿದ್ದ. ಬೀಸಣಿಗೆಯನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಅದನ್ನು ನೋಡಿಕೊಳ್ಳುವ ನನ್ನನ್ನು ಕಂಡರಂತೂ ಇನ್ನೂ ಆಗುತ್ತಿರಲಿಲ್ಲ. ತಗಡಿನ ಡಬ್ಬದಿಂದ ಬರುವ ಗಾಳಿಗೆ ಉರಿಯುವುದೂ ಒಂದು ಬೆಂಕಿಯೇ ಎಂದು ನನಗೆ ಕೇಳುವ ಹಾಗೆ ಕ್ಯಾಕರಿಸಿ ಉಗುಳುತ್ತಿದ್ದ. ನನಗೂ ಅವನ ಮೇಲೆ ಪ್ರೀತಿಯೇನೂ ಇರಲಿಲ್ಲ. ಅವನ ಹೆಂಡತಿ ಕೆಂಪಮ್ಮ ಮಾತ್ರ ಒಳ್ಳೆಯ ಹೆಂಗಸು. ಗಂಡನಿಗೆ ಮುದ್ದೆ ತರುವಾಗ ನನಗೂ ಒಂದು ಲೋಟ ಮಜ್ಜಿಗೆ ತಂದು, ಮಡಿ ಗಿಡಿ ಎನ್ನದೆ ಕುಡಿಯುವ ಅಯ್ನೋರನ್ನು ಇದೇ ಮೊದಲು ನೋಡಿದ್ದು ಎಂದು ನಗುತ್ತಿದ್ದಳು. ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಹಿಡಿದು ಬಿಡಲೇ ಇಲ್ಲ.

ಮಳವಳ್ಳಿಯಲ್ಲಿ ಕೆಲಸ ಎಳೆಯಿತು. ತಿರುಗಿ ಬರುವ ಹೊತ್ತಿಗೆ ನವಮಿ ದಶಮಿ ಕಳೆದು, ಗಾಣ ಶುರುವಾಗಿ, ಪಕ್ಷವೇ ಉರುಳಿತ್ತು. ಮದ್ದೂರು ದಾಟಿ ಬರುವಾಗಲೇ ಆ ಹುಳಿ ಹೊಗೆ ಮೂಗಿಗೆ ಬಡಿಯಿತು. ಫ್ಯಾಕ್ಟರಿಯ ಚಿಮಣಿಯಿಂದ ಕರಿ ಹೊಗೆ ನಿಧಾನವಾಗಿ ಹೊರಬಂದು ಮೇಲಕ್ಕೆ ಹೋಗಲು ಮನಸ್ಸಿಲ್ಲದೆ ಗದ್ದೆಯ ಮೇಲೆ ಮಲಗುತ್ತಿತ್ತು. ಒಳಗೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯದೆ ಬೆಚ್ಚಗೆ ಕೂತು ಹುಳಿಯಾಗುತ್ತಿತ್ತು. ಹೊರಗೆ ಕಬ್ಬು ತುಂಬಿದ ಗಾಡಿಗಳು ಸಾಲಾಗಿ ನಿಂತು, ಎತ್ತುಗಳು ಗೌಡರ ಕಬ್ಬನ್ನೇ ಮೇಯುತ್ತಿದ್ದವು. ಒಲೆಯ ಮುಂದೆ ಯಾರೋ ಕೊಪ್ಪದ ಕಡೆಯ ಹೊಸಬ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಬೋರಪ್ಪ ಇರಲಿಲ್ಲ.

ನಡೆದದ್ದನ್ನು ಗಾಡಿಯವರು ಹೇಳಿದರು. ಒಲೆ ಹಚ್ಚುವ ದಿನ ಬೆಳಿಗ್ಗೆ ಕೆಂಪಮ್ಮನಿಗೆ ಜ್ವರ ನೆತ್ತಿಗೇರಿತ್ತು. ಬೋರಪ್ಪ ಬರುವುದಿಲ್ಲ ಎಂದ. ಮುಹೂರ್ತ ತಪ್ಪುತ್ತದೆ ಎಂದು ಗೌಡರು ಗಾಡಿ ಕಳಿಸಿ ಅವನನ್ನು ಹೊರಡಿಸಿಕೊಂಡು ಬಂದರು. ಅವನು ಒಲೆಗೆ ಕೊಳ್ಳಿ ಇಟ್ಟ ಹೊತ್ತಿಗೆ ಅಲ್ಲಿ ಅವಳ ಪ್ರಾಣ ಹೋಯಿತು. ಒಲೆ ಉರಿಯಲಿಲ್ಲ. ಅಂದಿನಿಂದ ಒಂದು ದಿನವೂ ಸರಿಯಾಗಿ ಉರಿಯಲಿಲ್ಲ. ತಿಥಿ ಮುಗಿಸಿ ಬೋರಪ್ಪ ಕೆಲಸಕ್ಕೆ ಬಂದಾಗ ಶಿವನಂಜ ಬಾಗಿಲಲ್ಲೇ ತಡೆದು, ಸಾವಿನ ಮನೆಯ ಕೈಯಿಂದ ಬೆಂಕಿ ಇಟ್ಟು ಒಲೆ ಕೆಡಿಸಿದವನು ನೀನು, ಇನ್ನು ಇತ್ತ ಬರಬೇಡ ಎಂದು ಎಲ್ಲರೆದುರಿಗೆ ಹೇಳಿದ. ಅವನ ಕೈಯೇ ಕೆಟ್ಟದ್ದು ಎಂದು ಅಕ್ಕಪಕ್ಕದ ಆಲೆಮನೆಗಳಿಗೂ ಸುದ್ದಿ ಹೋಯಿತು. ಅವನಿಗೆ ಎಲ್ಲೂ ಕೆಲಸ ಕೊಡುವವರಿಲ್ಲದಂತಾಯಿತು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಸಾಯುತ್ತಿರುವ ಹೆಂಡತಿಯ ಪಕ್ಕದಿಂದ ಎಬ್ಬಿಸಿ ಕರೆತಂದವರು ಅವರು, ಮೈಲಿಗೆ ಮಾತ್ರ ಅವನದು.

ಮೋಟರಿನ ಕೋಣೆಗೆ ಹೋದೆ. ಅದು ಕೋಣೆಯಾಗಿ ಉಳಿದಿರಲಿಲ್ಲ, ಗುಡಿಯಾಗಿತ್ತು. ಪೂರ್ವದ ಗೋಡೆಯಲ್ಲಿ ಲಕ್ಷ್ಮಿಯ ಪಟ, ಅದರ ಕೆಳಗೆ ಗೌಡರು ಕೂರಲು ಕುರ್ಚಿ. ತಗಡಿನ ಗೂಡಿಗೆ ಮೇಲಿಂದ ಕೆಳಗಿನವರೆಗೆ ಅರಿಸಿನ ಕುಂಕುಮ ಮೆತ್ತಿ, ಒಣಗಿದ ಚೆಂಡುಹೂವಿನ ಹಾರ ಸುತ್ತಿದ್ದರು. ಗಾಳಿ ಒಳಗೆ ಹೋಗುವ ಬಾಯಿಯ ಜಾಲರಿಗೆ ಹೂವಿನ ಎಸಳು ಅಂಟಿಕೊಂಡಿದ್ದವು. ಮೊದಲು ಅದೇ ಕಾರಣವಿರಬೇಕೆಂದು ಎಸಳೆಲ್ಲ ಕಿತ್ತು ಹಾಕಿದೆ. ಗಾಳಿ ಏನೂ ಹೆಚ್ಚಲಿಲ್ಲ.

ಆ ಹೊತ್ತಿಗೆ ಸುತ್ತ ಜನ ಕೂಡಿ, ಪ್ರತಿಯೊಬ್ಬನೂ ಒಂದೊಂದು ಕಾರಣ ಹೇಳತೊಡಗಿದ. ಶಿವನಸಮುದ್ರದಿಂದ ಬರುವ ಕರೆಂಟೇ ತೆಳ್ಳಗಾಗಿದೆ, ಯುದ್ಧಕ್ಕೆ ಗಟ್ಟಿ ಕರೆಂಟು ಕಳಿಸಿ ನಮಗೆ ನೀರು ಕರೆಂಟು ಬಿಡುತ್ತಿದ್ದಾರೆ ಎಂದ ಒಬ್ಬ. ತಂತಿಗಳಿಗೆ ಬಲ್ಬು ತಗುಲಿಸಿ ನೋಡಿದೆ, ಮೂರು ತಂತಿಯಲ್ಲೂ ಕರೆಂಟು ಸಮನಾಗಿತ್ತು. ಬೇರಿಂಗು ಸವೆದಿದೆ ಎಂದ ಇನ್ನೊಬ್ಬ, ಬೇರಿಂಗು ಎಂಬುದನ್ನು ಜನ್ಮದಲ್ಲಿ ನೋಡದವನು. ಕಬ್ಬಿಣದ ಸಲಾಕೆಯ ಒಂದು ತುದಿ ಅದರ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟೆ. ಸದ್ದು ಒಂದೇ ಸಮನಾಗಿತ್ತು, ಕರಕರ ಇರಲಿಲ್ಲ. ಅಚ್ಚು ಅಲುಗಾಡುತ್ತಿರಲಿಲ್ಲ. ಸುಟ್ಟ ಅರಗಿನ ವಾಸನೆಯೂ ಇರಲಿಲ್ಲ. ಕಾಲುವೆಯ ಬಾಯಿಗೆ ಕೈಯೊಡ್ಡಿದರೆ ಗಾಳಿ ಬರುತ್ತಿತ್ತು, ಸರಿಯಾದ ಕಡೆಗೇ ಬರುತ್ತಿತ್ತು, ಆದರೆ ಅದರಲ್ಲಿ ಜೀವವಿರಲಿಲ್ಲ.

ಆಮೇಲೆ ಮೋಟರಿನ ಬೆನ್ನಿಗೆ ಅಂಗೈ ಇಟ್ಟೆ. ತಣ್ಣಗಿತ್ತು.

ಅಲ್ಲಿ ನಿಂತಿದ್ದವರಿಗೆ ಇದು ಸಂತೋಷದ ಸುದ್ದಿ. ಮೋಟರು ಕಾದರೆ ಕೆಟ್ಟಿತು, ತಣ್ಣಗಿದ್ದರೆ ಚೆನ್ನಾಗಿದೆ, ಅವರು ಕಲಿತ ವಿದ್ಯೆ ಅಷ್ಟೇ. ನನಗೆ ಮಾತ್ರ ಅದೇ ರೋಗದ ಗುರುತು. ಹೊರೆ ಹೊತ್ತು ಬೆಳಗಿನಿಂದ ದುಡಿದ ಮೋಟರು ಬೆಚ್ಚಗಿರಲೇಬೇಕು. ತಣ್ಣಗಿದೆ ಎಂದರೆ ಅದು ದುಡಿಯುತ್ತಿಲ್ಲ, ಸುಮ್ಮನೆ ತಿರುಗುತ್ತಿದೆ, ಶಿವನಂಜನ ಹಾಗೆ. ಕರೆಂಟು ತೆಗೆಸಿದೆ. ಒದ್ದೆ ಬಟ್ಟೆಯಿಂದ ಗೂಡಿನ ಮೇಲಿನ ಅರಿಸಿನ ಕುಂಕುಮದ ಪದರವನ್ನು ಉಜ್ಜಿ ತೆಗೆದೆ. ಅದರಡಿಯಲ್ಲಿ, ಬೀಸಣಿಗೆ ಮಾಡಿದವರು ತಗಡಿನ ಮೇಲೆ ಉಬ್ಬಾಗಿ ಅಚ್ಚೊತ್ತಿದ್ದ ಬಾಣದ ಗುರುತು ಇತ್ತು. ಚಕ್ರ ಯಾವ ಕಡೆಗೆ ತಿರುಗಬೇಕು ಎಂದು ತೋರಿಸುವ ಬಾಣ. ನಿಲ್ಲಲು ಬಂದಿದ್ದ ಚಕ್ರ ಆ ಬಾಣಕ್ಕೆ ಎದುರಾಗಿ ತಿರುಗುತ್ತಿತ್ತು.

ಇದರಲ್ಲಿ ಮೋಸ ಹೋಗುವುದು ಸುಲಭ. ಈ ಬಗೆಯ ಬೀಸಣಿಗೆ ನಡುವಿನಿಂದ ಗಾಳಿಯನ್ನು ಎಳೆದು ಅಂಚಿಗೆ ಎಸೆಯುತ್ತದೆ. ಎತ್ತ ತಿರುಗಿಸಿದರೂ ಅಂಚಿಗೇ ಎಸೆಯುತ್ತದೆ, ಹಾಗಾಗಿ ಉಲ್ಟಾ ತಿರುಗಿದರೂ ಗಾಳಿ ಹಿಂದಕ್ಕೆ ಹೋಗುವುದಿಲ್ಲ. ಆದರೆ ರೆಕ್ಕೆಗಳು ಒಂದು ಕಡೆಗೆ ಬಾಗಿರುತ್ತವೆ, ಚಿಪ್ಪು ಒಂದು ಕಡೆಗೆ ಸುತ್ತಿರುತ್ತದೆ. ಉಲ್ಟಾ ತಿರುಗಿದರೆ ಗಾಳಿ ಅರ್ಧಕ್ಕಿಂತಲೂ ಕಡಿಮೆಯಾಗಿ, ದೀಪ ಆರಿಸಲು ಸಾಕು, ಹಸಿ ಸಿಪ್ಪೆ ಉರಿಸಲು ಸಾಲದು ಎನ್ನುವಂತಾಗುತ್ತದೆ. ಕೈಯೊಡ್ಡಿ ನೋಡಿದವನು ಗಾಳಿ ಬರುತ್ತಿದೆಯಲ್ಲ ಎಂದು ಹೊರಟುಹೋಗುತ್ತಾನೆ.

ತಂತಿ ಬದಲಾಯಿಸಿದವರು ಯಾರು ಎಂದು ಕೇಳಿದೆ. ಶಿವನಂಜ ಮುಂದೆ ಬಂದ, ತಪ್ಪಿತಸ್ಥನ ಹಾಗಲ್ಲ, ಬಹುಮಾನ ತೆಗೆದುಕೊಳ್ಳುವವನ ಹಾಗೆ. ಆಯುಧಪೂಜೆಯ ದಿನ ಪೂಜೆಗೆ ಕರೆಸಿದ್ದ ಜೋಯಿಸರು ಪಟದ ಮುಂದೆ ನಿಂತು ಮಂಗಳಾರತಿ ಎತ್ತಿದಾಗ ಬೀಸಣಿಗೆ ಎಡಕ್ಕೆ ತಿರುಗುತ್ತಿತ್ತಂತೆ. ದೇವರೆದುರು ಅಪ್ರದಕ್ಷಿಣೆ ತಿರುಗುವ ಚಕ್ರ ಮನೆಯನ್ನು ತೊಳೆದುಬಿಡುತ್ತದೆ, ಅದನ್ನು ಬಲಕ್ಕೆ ತಿರುಗಿಸಿ ಎಂದರಂತೆ. ನಾನು ಮಾಡಿದ್ದನ್ನು ನೋಡಿದ್ದ ಶಿವನಂಜ ಅಲ್ಲೇ ಎರಡು ತಂತಿ ಅದಲುಬದಲು ಮಾಡಿದನಂತೆ.

"ನೀವೇನೋ ದೊಡ್ ವಿದ್ಯೆ ಅನ್ಕಂಡಿದ್ರಿ," ಎಂದ ನನಗೆ. "ಒಂದ್ ಗಳ್ಗೇಲಿ ಬಲಕ್ಕೆ ತಿರುಗಿಸ್ಬುಟ್ಟೆ ಕಣ್ರೀ."

ಮೈಸೂರಿನಲ್ಲಿ ಅವನಿಗೆ ಪಾಠ ಹೇಳಿದ ಮಾಸ್ತರರನ್ನು ನೆನೆದು ನನಗೆ ಮರುಕವಾಯಿತು. ಗೌಡರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಗೌಡರು ದಡ್ಡರಲ್ಲ, ಅದೇ ಅವರ ವಿಷಯದಲ್ಲಿ ನನಗೆ ಸಿಟ್ಟು ಬರಿಸುತ್ತಿದ್ದದ್ದು. ಅವರಿಗೆ ಅರ್ಥವಾಯಿತು. ಬಾಣವನ್ನು ಬೆರಳಿನಿಂದ ಮುಟ್ಟಿಯೂ ನೋಡಿದರು. ಆದರೆ ಎಲ್ಲರೆದುರು ಪೂಜೆ ಮಾಡಿಸಿ ಬಲಕ್ಕೆ ತಿರುಗಿಸಿದ ಚಕ್ರವನ್ನು ಮತ್ತೆ ಎಡಕ್ಕೆ ತಿರುಗಿಸಿದರೆ ಜನ ಏನೆಂದಾರು ಎಂಬ ಚಿಂತೆ ಅವರಿಗೆ. ಹಾಲು ಹುಳಿಯಾದರೆ ಆಗಲಿ, ಮುಖ ಹುಳಿಯಾಗಬಾರದು. ಜೋಯಿಸರಿಗೆ ಹೇಳಿಕಳಿಸಿದರು.

ಜೋಯಿಸರು ಬಂದು, ಅರ್ಚಕರ ಮಗ ನೀನೇ ಹೀಗೆ ಹೇಳಬಹುದೇ ಎಂದು ಶುರು ಮಾಡಿದರು. ಪ್ರದಕ್ಷಿಣೆ ಎಂದರೆ ಮನುಷ್ಯ ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದು, ಈ ಚಕ್ರ ಯಾರನ್ನೂ ಸುತ್ತುತ್ತಿಲ್ಲ, ಇದ್ದಲ್ಲೇ ತಿರುಗುತ್ತಿದೆ ಎಂದೆ. ಅವರು ಸಂಸ್ಕೃತದಲ್ಲಿ ಏನೋ ಹೇಳಿದರು. ಅದು ಮದುವೆಯಲ್ಲಿ ಹೇಳುವ ಮಂತ್ರ ಎಂದು ನನಗೆ ಗೊತ್ತಿತ್ತು, ಗೌಡರಿಗೆ ಗೊತ್ತಿರಲಿಲ್ಲ. ಇವರೊಡನೆ ಮಾತು ದಂಡ ಎಂದು ಬಿಟ್ಟು ಅಲ್ಲಿಂದ ಹೊರಟು ಹನಕೆರೆಗೆ ನಡೆದೆ. ಗೌಡರ ಬೆಲ್ಲ ಹಾಳಾದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಬೋರಪ್ಪನಿಗೆ ಅವನ ಕೈಯಲ್ಲಿ ದೋಷವಿಲ್ಲ, ತಂತಿಯಲ್ಲಿತ್ತು ಎಂದು ಹೇಳಬೇಕಿತ್ತು.

ಬೋರಪ್ಪ ಜಗುಲಿಯ ಮೇಲೆ ಕೂತಿದ್ದ. ತಲೆ ಬೋಳಿಸಿದ್ದರಿಂದ ಗುರುತೇ ಸಿಗುವಂತಿರಲಿಲ್ಲ. ಜಂಬವೆಲ್ಲ ಇಳಿದುಹೋಗಿತ್ತು, ನನ್ನನ್ನು ನೋಡಿ ಉಗುಳಲೂ ಇಲ್ಲ. ಒಳಗೆ ಅಡುಗೆಯ ಒಲೆಯಲ್ಲಿ ಬೂದಿ ತಣ್ಣಗಿತ್ತು. ಪಕ್ಕದ ಮನೆಯವರು ಕೊಟ್ಟಿದ್ದ ಮುದ್ದೆ ಹಾಗೇ ಒಣಗಿತ್ತು. ಮನೆಯಲ್ಲಿ ಒಲೆ ಹಚ್ಚುವುದನ್ನೇ ಬಿಟ್ಟಿದ್ದಾನೆ ಎಂದು ಅವರು ಹೇಳಿದರು. ನಾನು ನೆಲದ ಮೇಲೆ ಕಡ್ಡಿಯಿಂದ ಚಕ್ರ ಬರೆದು, ರೆಕ್ಕೆ ಬರೆದು, ಬಾಣ ಬರೆದು, ಶಿವನಂಜನ ಘನಕಾರ್ಯವನ್ನು ವಿವರಿಸಿದೆ. ಅವನು ಕೊನೆಯವರೆಗೂ ಕೇಳಿದ. ಆಮೇಲೆ ನನ್ನ ಚಿತ್ರವನ್ನು ಕಾಲಿನಿಂದ ಅಳಿಸಿದ.

"ಅದಲ್ಲ ಅಯ್ನೋರೆ," ಎಂದ. "ಓಗ್ಬ್ಯಾಡ ಅಂತ ಮಕ್ಳು ಸೆರಗ್ ಇಡ್ಕಂಡಂಗೆ ನನ್ ಪಂಚೆ ಇಡ್ಕಂಡಿದ್ಲು. ಬುಡಿಸ್ಕಂಡ್ ಬಂದೆ. ಅವ್ಳು ಸಿಟ್ ಮಾಡ್ಕಂಡ್ ಓದ್ಲು. ನಾನ್ ಅಚ್ಚಿದ್ ಬೆಂಕಿ ಇನ್ ಉರಿಯಾಕಿಲ್ಲ."

ಅವನನ್ನು ಹೊರಹಾಕಿದವರ ಮಾತನ್ನು ಅವನು ಅವರಿಗಿಂತಲೂ ಹೆಚ್ಚು ನಂಬಿದ್ದ. ಶಿವನಂಜ ಮೈಲಿಗೆ ಎಂದರೆ ಇವನು ಅದಕ್ಕೆ ಹೆಂಡತಿಯ ಹೆಸರಿಟ್ಟುಕೊಂಡಿದ್ದ. ನನಗೆ ರೇಗಿತು. ಲಕ್ಷಣವಾಗಿ ಎರಡು ತಂತಿ ಬದಲಾಗಿರುವುದು ಕಣ್ಣಿಗೆ ಕಾಣುತ್ತಿರುವಾಗ, ಒಬ್ಬನಿಗೆ ದೇವರ ಬಲಗಡೆ ಬೇಕು, ಒಬ್ಬನಿಗೆ ಮರ್ಯಾದೆ ಬೇಕು, ಇವನಿಗೆ ಸತ್ತವಳ ಸಿಟ್ಟೇ ಬೇಕು. ಇಡೀ ಸೀಮೆಯಲ್ಲಿ ಬುದ್ಧಿ ಇರುವುದು ಆ ಮೋಟರಿಗೊಂದಕ್ಕೇ, ಅದು ಹೇಗೆ ತಂತಿ ಕೊಟ್ಟರೆ ಹಾಗೆ ತಿರುಗುತ್ತದೆ ಎಂದುಕೊಂಡು ಎದ್ದೆ. ಆದರೆ ಬಾಗಿಲವರೆಗೆ ಹೋದವನು ಆ ಆರಿದ ಒಲೆಯನ್ನು ಇನ್ನೊಮ್ಮೆ ನೋಡಿದೆ. ಹೀಗೆ ಬಿಟ್ಟರೆ ಈ ಮನುಷ್ಯ ಉಪವಾಸ ಬಿದ್ದೇ ಸಾಯುತ್ತಾನೆ ಎನ್ನಿಸಿತು. ಬೆಳಿಗ್ಗೆ ಫ್ಯಾಕ್ಟರಿಗೆ ಬಾ ಎಂದೆ. ಬರುವುದಿಲ್ಲ ಎಂದ. ಬರದಿದ್ದರೆ ಗೌಡರು ಮತ್ತೆ ಗಾಡಿ ಕಳಿಸುತ್ತಾರೆ, ಹೋದ ಸಲದ ಹಾಗೆ ಎಳೆಸಿಕೊಂಡು ಬರಬೇಕೋ, ಮನುಷ್ಯನ ಹಾಗೆ ನಡೆದು ಬರುತ್ತೀಯೋ ನೋಡಿಕೋ ಎಂದೆ. ಮಾತು ಕಟುವಾಯಿತು, ಆದರೆ ಅವನು ತಲೆಯೆತ್ತಿ ನನ್ನನ್ನು ನೋಡಿದ.

ಇಳಿಹೊತ್ತಿಗೆ ಗೌಡರ ಮುಂದೆ ನಿಂತು, ಅಪ್ರದಕ್ಷಿಣೆಯ ದೋಷಕ್ಕೆ ಪರಿಹಾರ ಸಿಕ್ಕಿದೆ ಎಂದೆ. ಲಕ್ಷ್ಮಿಯ ಪಟವನ್ನೂ ಅವರ ಕುರ್ಚಿಯನ್ನೂ ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆಗೆ ಬದಲಾಯಿಸುವುದು. ಈ ಕಡೆಯಿಂದ ಎಡಕ್ಕೆ ತಿರುಗುವ ಚಕ್ರ ಆ ಕಡೆಯಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ. ಬೀಸಣಿಗೆಗೆ ಬೇಕಾದ ದಿಕ್ಕು ಬೀಸಣಿಗೆಗೆ, ದೇವರಿಗೆ ಬೇಕಾದ ದಿಕ್ಕು ದೇವರಿಗೆ. ಇಷ್ಟು ಸರಳವಾದದ್ದು ಮೂವರು ದೊಡ್ಡ ಮನುಷ್ಯರಿಗೆ ಹೊಳೆದಿರಲಿಲ್ಲ. ಜೋಯಿಸರು ಎದ್ದು ಈ ಕಡೆ ನಿಂತರು, ಆ ಕಡೆ ನಿಂತರು, ಗಾಳಿಯಲ್ಲಿ ಬೆರಳು ತಿರುಗಿಸಿ ನೋಡಿದರು. ಸಾಕ್ಷಾತ್ ಶಾಸ್ತ್ರವೇ ಎಂದರು. ಮಾರನೆಯ ದಿನದಿಂದ ಅದು ಅವರದೇ ಸಲಹೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು, ನಾನು ಬೇಡವೆನ್ನಲಿಲ್ಲ. ಅಂಥ ಸಲಹೆ ನನ್ನದು ಎಂದು ಹೇಳಿಕೊಳ್ಳುವುದಕ್ಕೆ ನನಗೂ ನಾಚಿಕೆಯಾಗುತ್ತಿತ್ತು.

ಆದರೆ ಒಂದು ಷರತ್ತು ಹಾಕಿದೆ. ಒಲೆಯನ್ನು ಪೂರ್ತಿ ಆರಿಸಿ, ಗುಡಿಸಿ, ಹೊಸದಾಗಿ ಹಚ್ಚಬೇಕು, ಹಚ್ಚುವವನು ಬೋರಪ್ಪನೇ ಆಗಬೇಕು. ಇಲ್ಲವಾದರೆ ನಾನು ತಂತಿ ಮುಟ್ಟುವುದಿಲ್ಲ. ಶಿವನಂಜ ಹಾರಾಡಿದ. ಹಾಗಾದರೆ ನೀನೇ ಮುಟ್ಟು, ಈ ಸಲ ಯಾವ ಎರಡು ತಂತಿ ಎಂದು ಕೇಳಿಕೊಂಡು ಮುಟ್ಟು ಎಂದೆ. ಗೌಡರು ಹೊರಗೆ ನಿಂತಿದ್ದ ಗಾಡಿಗಳ ಕಡೆ ನೋಡಿದರು, ಕೊಪ್ಪರಿಗೆಯ ಕಡೆ ನೋಡಿದರು. ಹನ್ನೊಂದು ದಿನ ಕಳೆದಿದೆ, ಒಂದು ಚೊಂಬು ಪುಣ್ಯಾಹದ ನೀರು ಚಿಮುಕಿಸಿದರೆ ಮೈಲಿಗೆ ಉಳಿಯುವುದಿಲ್ಲ ಎಂದು ಜೋಯಿಸರು ಕೇಳದೆಯೇ ಅಭಯ ಕೊಟ್ಟರು. ಆ ಚೊಂಬು ನೀರು ಮೊದಲೇ ಚಿಮುಕಿಸಲು ಅವರಿಗೆ ಏನು ಅಡ್ಡಿಯಾಗಿತ್ತೋ ಆ ಲಕ್ಷ್ಮಿಗೇ ಗೊತ್ತು.

"ಕರ್ಸ್ಲಾ ಅವ್ನ," ಎಂದರು ಗೌಡರು ಶಿವನಂಜನಿಗೆ.

ಕರೆಸುವ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಬೋರಪ್ಪ ತಾನೇ ನಡೆದು ಬಂದು ಒಲೆಯ ಮುಂದೆ ನಿಂತಿದ್ದ. ರಾತ್ರಿ ಮಳೆ ಬಿದ್ದು ಸಿಪ್ಪೆ ಇನ್ನಷ್ಟು ನೆಂದಿತ್ತು. ಗಾಣದವರು, ಗಾಡಿಯವರು, ಕೊಪ್ಪದ ಹೊಸಬ, ಎಲ್ಲರೂ ಇವನ ಕೈ ಕೆಟ್ಟದ್ದು ಎಂಬುದನ್ನು ಇನ್ನೊಮ್ಮೆ ಕಣ್ಣಾರೆ ನೋಡುವ ಆಸೆಯಿಂದ ಸುತ್ತ ನಿಂತಿದ್ದರು. ಅವನು ಕೊಳ್ಳಿ ಇಟ್ಟ. ಬಿಳಿ ಹೊಗೆ, ಆಮೇಲೆ ಕರಿ ಹೊಗೆ, ಅಷ್ಟೇ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವನು ತಲೆ ತಗ್ಗಿಸಿ ಸರಳುಗಳನ್ನೇ ನೋಡುತ್ತ ನಿಂತ.

ಎಲ್ಲರೂ ಮೊದಲು ಹೊಗೆ ನೋಡಲಿ ಎಂದೇ ಅಲ್ಲಿಯವರೆಗೆ ತಂತಿ ಮುಟ್ಟದಿದ್ದ ನಾನು ಈಗ ಗೋಡೆಯಾಚೆ ಕೋಣೆಗೆ ಹೋದೆ. ಪಶ್ಚಿಮದ ಗೋಡೆಯಲ್ಲಿ ಲಕ್ಷ್ಮಿ ಹೊಸ ಮೊಳೆಗೆ ನೇತಾಡುತ್ತಿದ್ದಳು. ಕರೆಂಟು ತೆಗೆದು, ಸ್ಪ್ಯಾನರಿನಿಂದ ಎರಡು ತಂತಿಗಳನ್ನು ಕಳಚಿ ಅದಲುಬದಲು ಮಾಡಿ ಬಿಗಿದು, ಸ್ವಿಚ್ಚು ಹಾಕಿದೆ. ಮೊದಲು ಸದ್ದು ಬದಲಾಯಿತು. ತೆಳ್ಳಗೆ ಸೀಟಿ ಹಾಕುತ್ತಿದ್ದ ಬೀಸಣಿಗೆ ಗಂಟಲು ತೆರೆದು ಹೂಂಕರಿಸಿತು. ಗೂಡಿನ ತಗಡು ಅದುರಿ ಒಣಗಿದ ಚೆಂಡುಹೂವೆಲ್ಲ ಉದುರಿದವು. ಗೋಡೆಯಾಚೆ ಒಲೆಯಲ್ಲಿ ಬೆಂಕಿ ಭುಗಿಲ್ಲೆಂದು ಎದ್ದ ಸದ್ದು ಕೇಳಿಸಿತು. ಜನ ಹಿಂದಕ್ಕೆ ಓಡಿದ್ದೂ ಕೇಳಿಸಿತು.

ಸ್ಪ್ಯಾನರು ಹಿಡಿದುಕೊಂಡೇ ಹೊರಗೆ ಬಂದೆ. ಈಗ ಇವನ ಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ, ತಂತಿ ತೋರಿಸಿ, ಬಾಣ ತೋರಿಸಿ, ನೋಡು, ಸತ್ತವಳಿಗೆ ಇದರಲ್ಲಿ ಏನೂ ಸಂಬಂಧವಿಲ್ಲ ಎಂದು ಎಲ್ಲರೆದುರು ಹೇಳಬೇಕೆಂದೇ ಬಂದಿದ್ದೆ. ಬೇಕಾದರೆ ಇನ್ನೊಮ್ಮೆ ತಂತಿ ಬದಲಾಯಿಸಿ ಬೆಂಕಿ ಆರಿಸಿ, ಮತ್ತೆ ಬದಲಾಯಿಸಿ ಉರಿಸಿ ತೋರಿಸುವ ಉತ್ಸಾಹವೂ ಇತ್ತು. ಒಂದು ಸಲವಾದರೂ ಈ ಜನ ಕಣ್ಣು ಬಿಟ್ಟು ನೋಡಲಿ ಎಂಬ ಹಟ ನನಗೆ.

ಬೋರಪ್ಪ ಒಬ್ಬನೇ ಒಲೆಯ ಬಾಯಿಯ ಹತ್ತಿರ ನಿಂತಿದ್ದ. ಬೆಂಕಿಯ ಝಳಕ್ಕೆ ಉಳಿದವರೆಲ್ಲ ದೂರ ಸರಿದಿದ್ದರು, ಅವನು ಸರಿದಿರಲಿಲ್ಲ. ಮುಖದ ತುಂಬ ನೀರು ಇಳಿಯುತ್ತಿತ್ತು. ಹೊಗೆಯೇನೂ ಇರಲಿಲ್ಲ, ಬೆಂಕಿ ಚೊಕ್ಕವಾಗಿ ಉರಿಯುತ್ತಿತ್ತು. ನನ್ನ ಕಡೆ ತಿರುಗಿದ.

"ಸಿಟ್ ಬುಟ್ಲು ಕಣ್ರೀ ಅಯ್ನೋರೆ," ಎಂದ. "ನೋಡ್ರಿ, ಬುಟ್ಬುಟ್ಲು."

ನಾನು ಬೆಂಕಿಯನ್ನು ನೋಡಿದೆ. ಬಾಣದ ವಿಷಯ ನಾಲಿಗೆಯ ತುದಿಯಲ್ಲಿತ್ತು. ಸ್ಪ್ಯಾನರನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಹೌದು ಬೋರಪ್ಪ, ಬಿಟ್ಟಳು, ಮನೆಗೆ ಹೋಗಿ ಒಲೆ ಹಚ್ಚಿಕೋ ಎಂದೆ.